ಇಡೀ ಫೋಲ್ಡರ್ ಸರ್ವರ್‌ಗೆ ಕಳಿಸಬೇಕೇ? ನಡುವೆ ಲೈನ್ ಕಡಿದರೆ ಏನಾಗುತ್ತದೆ ಅಂತ ಮೊದಲು ಕೇಳಿ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಕಾಕಾ ಅವರ ಫೋಟೊ ಸ್ಟುಡಿಯೊ ಇದೆ. ಮದುವೆ, ಕುಬಸ, ಜವಳ, ಶಾಲೆಯ ಗ್ಯಾದರಿಂಗ್ ಅಂತ ಇಪ್ಪತ್ತು ವರ್ಷದ ಫೋಟೊಗಳು ಅಲ್ಲಿ ರಾಶಿ ಬಿದ್ದಿವೆ. ಅದರ ಜೊತೆ ಇನ್ನೊಂದು ಗಂಟು. ಆಲಮಟ್ಟಿ ಹಿನ್ನೀರು ಬರುವ ಮೊದಲಿನ ಹಳೇ ಊರಿನ ಓಣಿ, ಅಂಗಡಿ, ಮನೆಗಳ ನೆಗೆಟಿವ್‌ಗಳು. ಅವನ್ನೆಲ್ಲ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕಿದ್ದಾರೆ. ಅದರಲ್ಲಿರುವ ಎಷ್ಟೋ ಮನೆಗಳ ಜಾಗದಲ್ಲಿ ಈಗ ನೀರಿದೆ. ಆ ಫೈಲ್ ಹೋದರೆ ಮತ್ತೆ ಕ್ಯಾಮೆರಾ ಹಿಡಿದು ತೆಗೆಯಲು ಏನೂ ಉಳಿದಿಲ್ಲ.

ಇದನ್ನೆಲ್ಲ ಒಂದು ವರ್ಚುವಲ್ ಸರ್ವರ್‌ಗೆ (ಕಂಪನಿಯಿಂದ ಬಾಡಿಗೆಗೆ ಸಿಗುವ, ಇಂಟರ್ನೆಟ್ಟಿನಲ್ಲಿ ಸದಾ ಓಡುವ ಕಂಪ್ಯೂಟರ್) ಹಾಕೋಣ, ಗಿರಾಕಿಗಳು ಮನೆಯಲ್ಲೇ ಕೂತು ಆಲ್ಬಮ್ ನೋಡಲಿ ಅಂತ ಹೋದ ವರ್ಷ ತೀರ್ಮಾನ ಆಯಿತು. ಸರ್ವರ್ ಕೆಲಸ ನನ್ನ ಪಾಲಿಗೆ ಬಂತು. ಕಾಕಾ ಅಂದದ್ದು ಇಷ್ಟೇ: "ತಮ್ಮಾ, ಪೆನ್ ಡ್ರೈವ್‌ನ್ಯಾಗ ಕಾಪಿ ಹೊಡದಂಗ ಹೊಡದು ಬಿಡು. ಅದ್ರಾಗೇನೈತಿ?"

ಅದರಲ್ಲಿ ಬೇಕಾದಷ್ಟಿತ್ತು. ಮೂರು ವಾರ ಒದ್ದಾಡಿದೆ. ಎಲ್ಲ ದಾರಿಗಳನ್ನೂ ಒಂದೊಂದು ಸಲ ತುಳಿದೆ. ಇದೇ ಕೆಲಸಕ್ಕೆ ಕೈಹಾಕುವವರು ನನ್ನಷ್ಟು ಒದ್ದಾಡದೆ ಇರಲಿ ಅಂತ ಬರೆಯುತ್ತಿದ್ದೇನೆ.

ಎಲ್ಲರೂ ಕೇಳುವುದು "ಯಾವುದು ಫಾಸ್ಟ್?" ಅಂತ. ಫೋಟೊ, ವಿಡಿಯೊದಂಥ ದೊಡ್ಡ ಫೈಲ್‌ಗಳಿಗೆ ಈ ಪ್ರಶ್ನೆಗೆ ಅರ್ಥವೇ ಇಲ್ಲ. ನಿಮ್ಮ ಲೈನ್ ಎಷ್ಟು ಎಳೆಯುತ್ತದೋ ಅಷ್ಟೇ ಸ್ಪೀಡು, ಯಾವ ಸಾಫ್ಟ್‌ವೇರ್ ಹಾಕಿದರೂ. ಕೇಳಬೇಕಾದ್ದು ಬೇರೆ. ಅರ್ಧಕ್ಕೆ ಕರೆಂಟ್ ಹೋದರೆ, ಮತ್ತೆ ಶುರು ಮಾಡಿದಾಗ ಅದು ಎಲ್ಲಿಂದ ಶುರುವಾಗುತ್ತದೆ? ನಮ್ಮ ಕಡೆ ಬೇಸಿಗೆಯಲ್ಲಿ ಗಾಳಿ ಎದ್ದ ಸಂಜೆ ಕರೆಂಟ್ ಹೋಗುವುದೇನು ಹೊಸದಲ್ಲ, ಅಲ್ವಾ?

ಕಳಿಸುವ ಮೊದಲು ಎಣಿಸಿ

ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಎರಡು ಅಂಕಿ ಬೇಕು: ಒಟ್ಟು ತೂಕ ಎಷ್ಟು, ಫೈಲ್‌ಗಳು ಎಷ್ಟು. ಜನ ಮೊದಲನೆಯದನ್ನು ಅಷ್ಟೇ ನೋಡುತ್ತಾರೆ. ಕೆಡಿಸುವುದು ಎರಡನೆಯದು.

ಕಾಕಾ ಅವರ ಫೋಲ್ಡರ್ 180 ಜಿಬಿ ಇತ್ತು. ಸ್ಟುಡಿಯೊದ ಫೈಬರ್ ಲೈನ್‌ಗೆ ನೂರು ಎಂಬಿಪಿಎಸ್ ಅಂತ ಹೆಸರಿದ್ದರೂ, ಅಪ್‌ಲೋಡ್ ಅಳೆದು ನೋಡಿದರೆ 20 ಸಿಕ್ಕಿತು. ಎಂಬಿಪಿಎಸ್ ಅನ್ನುವುದು ಬಿಟ್ ಲೆಕ್ಕ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಎರಡೂವರೆ ಎಂಬಿ. 180 ಜಿಬಿಗೆ 72,000 ಸೆಕೆಂಡು, ಅಂದರೆ 20 ತಾಸು. ಒಂದು ಸೆಕೆಂಡೂ ಕಡಿಯದೆ ಹೋದರೆ ಇಷ್ಟು.

ಇನ್ನು ಫೈಲ್‌ಗಳ ಸಂಖ್ಯೆ. ಫೋಟೊ ಸುಮಾರು 38 ಸಾವಿರ. ಅದರ ಮೇಲೆ ಆಲ್ಬಮ್ ಸಾಫ್ಟ್‌ವೇರ್ ತಾನೇ ಮಾಡಿಟ್ಟುಕೊಂಡ ಚಿಕ್ಕ ಚಿಕ್ಕ ಚಿತ್ರಗಳು ಎರಡು ಲಕ್ಷ. ಒಂದೊಂದು ಹತ್ತು ಕೆಬಿ. ಎಲ್ಲ ಸೇರಿದರೂ 2 ಜಿಬಿ ಅಷ್ಟೇ, ಹದಿಮೂರು ನಿಮಿಷದ ಮಾತು ಅಂದುಕೊಂಡೆ. ಆದರೆ ಕೆಲವು ವಿಧಾನಗಳಲ್ಲಿ ಪ್ರತಿ ಫೈಲಿಗೂ "ಕಳಿಸಲಾ?", "ಕಳಿಸು", "ಮುಗೀತು", "ಸರಿ" ಅಂತ ಮಾತುಕತೆ ನಡೆಯುತ್ತದೆ. ಒಂದು ಫೈಲಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಹೋದರೂ ಎರಡು ಲಕ್ಷ ಫೈಲಿಗೆ 20,000 ಸೆಕೆಂಡು. ಐದೂವರೆ ತಾಸು.

ಸಕ್ಕರೆ ಕಾರ್ಖಾನೆ ಮುಂದಿನ ಕಾಟಾ ನೆನಪಿಸಿಕೊಳ್ಳಿ. ಒಂದು ಟ್ರ್ಯಾಕ್ಟರ್ ತುಂಬ ಕಬ್ಬು ತಂದರೆ ಒಂದು ತೂಕ, ಒಂದು ಚೀಟಿ. ಅದೇ ಕಬ್ಬನ್ನು ಒಬ್ಬೊಬ್ಬರು ಒಂದೊಂದು ಹೊರೆ ಹೊತ್ತು ತಂದು, ಪ್ರತಿ ಹೊರೆಗೂ ಕಾಟಾ ಮಾಡಿಸಿ ಚೀಟಿ ಬರೆಸಿಕೊಂಡರೆ? ಕಬ್ಬು ಅಷ್ಟೇ. ದಿನ ಮುಳುಗುತ್ತದೆ.

ಸರ್ವರ್ ದೂರ ಇದ್ದಷ್ಟೂ ಈ ಮಾತುಕತೆ ನಿಧಾನ. ಅಮೆರಿಕದ ಸರ್ವರ್‌ಗೆ ಒಂದು ಸಲ ಹೋಗಿ ಬರುವುದಕ್ಕೇ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹಿಡಿಯುತ್ತದೆ. ಹತ್ತಿರದ್ದು ಸಿಗುವಾಗ ದೂರದ್ದು ಯಾಕೆ? 2016ರಿಂದ ಅಮೆಜಾನ್‌ನ ಸರ್ವರ್ ಮುಂಬೈಯಲ್ಲಿ, ಡಿಜಿಟಲ್‌ಓಶನ್‌ನದು ಬೆಂಗಳೂರಿನಲ್ಲಿ ಸಿಗುತ್ತವೆ. ತೆಗೆದುಕೊಳ್ಳುವಾಗಲೇ ಊರು ನೋಡಿ ಆರಿಸಿ.

ಯಾವ ಡಿಸ್ಕಿಗೆ ಹೋಗುತ್ತಿದೆ, ಗೊತ್ತಾ?

ವರ್ಚುವಲ್ ಸರ್ವರ್‌ಗೆ ತನ್ನದೇ ಒಂದು ಡಿಸ್ಕ್ ಇರುತ್ತದೆ. ಸಾಮಾನ್ಯವಾಗಿ ಚಿಕ್ಕದು. ನಾವು ತೆಗೆದುಕೊಂಡದ್ದರಲ್ಲಿ 25 ಜಿಬಿ. ಜಾಗ ಸಾಲದಿದ್ದರೆ ಬೇರೆ ವಾಲ್ಯೂಮ್, ಅಂದರೆ ಇನ್ನೊಂದು ಡಿಸ್ಕ್, ಬಾಡಿಗೆಗೆ ತೆಗೆದುಕೊಂಡು ಜೋಡಿಸಬೇಕು. ನಾವು 250 ಜಿಬಿಯದ್ದು ಜೋಡಿಸಿದೆವು. ಜೋಡಿಸಿದ ಮೇಲೆ ಅದನ್ನು ಒಂದು ಫೋಲ್ಡರಿಗೆ ಮೌಂಟ್ ಮಾಡಬೇಕು. ಆಮೇಲೆ ಆ ಫೋಲ್ಡರಿಗೆ ಹಾಕಿದ್ದೆಲ್ಲ ವಾಲ್ಯೂಮ್‌ಗೆ ಹೋಗುತ್ತದೆ.

ನಾನು ಎಡವಿದ್ದು ಇಲ್ಲೇ. ಮೌಂಟ್ ಮಾಡಿದೆ, ಎಲ್ಲ ಸರಿ ಇತ್ತು. ಮಾರನೇ ದಿನ ಯಾವುದೋ ಅಪ್‌ಡೇಟ್ ಹಾಕಿ ಸರ್ವರ್ ರೀಸ್ಟಾರ್ಟ್ ಮಾಡಿದೆ. ರೀಸ್ಟಾರ್ಟ್ ಆದಾಗ ವಾಲ್ಯೂಮ್ ತಾನಾಗಿಯೇ ಮೌಂಟ್ ಆಗಬೇಕಾದರೆ ಎಫ್‌ಎಸ್‌ಟ್ಯಾಬ್ ಅನ್ನುವ ಫೈಲಿನಲ್ಲಿ ಒಂದು ಸಾಲು ಬರೆದಿರಬೇಕು. ಬರೆದಿರಲಿಲ್ಲ. ಫೋಲ್ಡರ್ ಮಾತ್ರ ಅದೇ ಹೆಸರಲ್ಲಿ ಹಾಗೇ ಇತ್ತು. ರಾತ್ರಿ ಫೋಟೊ ಕಳಿಸಲು ಹಚ್ಚಿ ಮಲಗಿದೆ. ಎಲ್ಲ ಹೋಗಿ ಸರ್ವರ್‌ನ ಸ್ವಂತ 25 ಜಿಬಿ ಡಿಸ್ಕಿಗೆ ಬಿತ್ತು. ಬೆಳಗಾಗುವಷ್ಟರಲ್ಲಿ ಡಿಸ್ಕ್ ತುಂಬಿ, ಡೇಟಾಬೇಸ್ ನಿಂತು, ವೆಬ್‌ಸೈಟ್ ಮಲಗಿತ್ತು.

ಗಡಿಬಿಡಿಯಲ್ಲಿ ವಾಲ್ಯೂಮ್ ಮತ್ತೆ ಮೌಂಟ್ ಮಾಡಿದೆ. ಈಗ ಆ ಫೈಲ್‌ಗಳು ಕಣ್ಣಿಗೆ ಕಾಣಿಸುತ್ತಲೇ ಇಲ್ಲ, ಆದರೆ ಡಿಸ್ಕ್ ಮಾತ್ರ ತುಂಬಿದೆ ಅನ್ನುತ್ತದೆ. ಮೌಂಟ್ ಅಂದರೆ ನೆಲದ ಮೇಲೆ ಜಮಖಾನೆ ಹಾಸಿದ ಹಾಗೆ. ಕೆಳಗೆ ಬಿದ್ದದ್ದು ಕೆಳಗೇ ಇರುತ್ತದೆ, ಕಾಣುವುದಿಲ್ಲ. ಮೌಂಟ್ ತೆಗೆದು, ಕೆಳಗಿನದನ್ನು ಅಳಿಸಿ, ಮತ್ತೆ ಮೌಂಟ್ ಮಾಡಿದ ಮೇಲೆ ಸರಿಹೋಯಿತು. ಅಂದಿನಿಂದ ಕಳಿಸುವ ಮೊದಲು 'ಡಿಎಫ್' ಕಮಾಂಡ್ ಹೊಡೆದು, 250 ಜಿಬಿಯ ಸಾಲು ಕಾಣುತ್ತದೋ ಇಲ್ಲವೋ ನೋಡುತ್ತೇನೆ. ಐದು ಸೆಕೆಂಡಿನ ಕೆಲಸ.

ಎಫ್‌ಟಿಪಿ ಬೇಡ, ಬೇಡವೇ ಬೇಡ

ಹಳೆಯ ಹೋಸ್ಟಿಂಗ್ ಬಳಸಿದವರಿಗೆ, ಸರ್ವರ್‌ಗೆ ಫೈಲ್ ಕಳಿಸುವ ಹಳೇ ವಿಧಾನವಾದ ಎಫ್‌ಟಿಪಿ ಗೊತ್ತಿರುತ್ತದೆ. ಅದರಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಪೋಸ್ಟ್ ಕಾರ್ಡಿನ ಹಾಗೆ ಹೋಗುತ್ತದೆ. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಅನ್ನುವವರು ಎಸ್‌ಎಸ್‌ಎಚ್ (ದೂರದ ಸರ್ವರ್ ಜೊತೆ ಗುಟ್ಟಾಗಿ ಮಾತಾಡುವ ವಿಧಾನ) ಬರೆದದ್ದೇ, ಅವರ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಹೀಗೆ ಪಾಸ್‌ವರ್ಡ್ ಕದ್ದರು ಅನ್ನುವ ಕಾರಣಕ್ಕೆ. ಕೆಳಗೆ ಹೇಳುವ ದಾರಿಗಳಲ್ಲಿ ಹೆಚ್ಚಿನವು ಎಸ್‌ಎಸ್‌ಎಚ್ ಮೇಲೆಯೇ ನಿಂತಿವೆ. ಎಸ್‌ಎಫ್‌ಟಿಪಿ ಅನ್ನುವುದೂ ಅಷ್ಟೇ. ಹೆಸರು ಎಫ್‌ಟಿಪಿ ಥರ ಇದ್ದರೂ ಅದು ಎಸ್‌ಎಸ್‌ಎಚ್ ಮನೆಯ ಕೂಸು. ಪಾಸ್‌ವರ್ಡ್ ಬದಲು ಕೀ, ಅಂದರೆ ನಿಮ್ಮ ಕಂಪ್ಯೂಟರಿನಲ್ಲೇ ಇರುವ ಗುರುತಿನ ಫೈಲ್, ಮಾಡಿಟ್ಟುಕೊಳ್ಳಿ. ಮತ್ತೆ ಮತ್ತೆ ಟೈಪ್ ಮಾಡುವ ತಾಪತ್ರಯವೂ ಇಲ್ಲ.

ಎಸ್‌ಸಿಪಿ: ಒಂದು ಸಲ, ಚಿಕ್ಕ ಗಂಟು

ಎಸ್‌ಸಿಪಿ ಅತಿ ಸರಳ. ಇಲ್ಲಿಂದ ಅಲ್ಲಿಗೆ ಕಾಪಿ, ಅಷ್ಟೇ. 2018ರ ನಂತರದ ವಿಂಡೋಸ್ 10ರಲ್ಲಿ ಇದು ಮೊದಲೇ ಇರುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ಇಡೀ ಫೋಲ್ಡರ್ ಹೋಗಬೇಕಾದರೆ ಕಮಾಂಡಿಗೆ 'ಆರ್' ಅಕ್ಷರ ಸೇರಿಸಬೇಕು.

ಅದರ ದೋಷ ಒಂದೇ, ಆದರೆ ದೊಡ್ಡದು. ನಡುವೆ ಕಡಿದರೆ ಅದಕ್ಕೆ ಏನೂ ನೆನಪಿರುವುದಿಲ್ಲ. ಮತ್ತೆ ಹಚ್ಚಿದರೆ ಮೊದಲ ಫೈಲಿನಿಂದ ಶುರು. ನಾನು ಮೊದಲ ರಾತ್ರಿ ಇದನ್ನೇ ಹಚ್ಚಿದ್ದೆ. 31 ಜಿಬಿ ಹೋಗಿತ್ತು, ಮಳೆ ಬಂತು, ಕರೆಂಟ್ ಹೋಯಿತು. ಆ 31 ಜಿಬಿಯನ್ನು ಮತ್ತೆ ಕಳಿಸುವ ಮನಸ್ಸು ನನಗಂತೂ ಇರಲಿಲ್ಲ. ಎಸ್‌ಸಿಪಿ ಒಳಗೊಂಡ ಓಪನ್‌ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಬರೆಯುವವರೇ ಹಳೆಯ ಎಸ್‌ಸಿಪಿ ವಿಧಾನ ಕಾಲ ಮೀರಿದ್ದು ಅಂತ ಹೇಳಿದ್ದಾರೆ. 2022ರ ಏಪ್ರಿಲ್‌ನಲ್ಲಿ ಬಂದ 9.0 ಆವೃತ್ತಿಯಿಂದ ಕಮಾಂಡಿನ ಹೆಸರು ಅದೇ ಇದ್ದರೂ ಒಳಗೆ ನಡೆಯುವುದು ಎಸ್‌ಎಫ್‌ಟಿಪಿ.

ಐನೂರು ಎಂಬಿಯ ಒಂದು ವೆಬ್‌ಸೈಟ್ ಫೋಲ್ಡರ್, ಒಂದೇ ಸಲ ಕಳಿಸುವುದು, ನೀವು ಮುಂದೆ ಕೂತಿದ್ದೀರಿ. ಎಸ್‌ಸಿಪಿ ಸಾಕು. ಹಚ್ಚುವಾಗ ಚಿಕ್ಕ 'ಪಿ' ಅಕ್ಷರವನ್ನೂ ಹಾಕಿ, ಫೈಲಿನ ಹಳೆಯ ತಾರೀಕು ಹಾಗೇ ಉಳಿಯುತ್ತದೆ. ಯಾಕೆ ಬೇಕು ಅನ್ನುವುದು ಆರ್‌ಸಿಂಕ್ ಮಾತು ಬಂದಾಗ ಗೊತ್ತಾಗುತ್ತದೆ.

ಮೌಸ್ ಬಿಡದವರಿಗೆ

ಕಮಾಂಡ್ ಅಂದರೆ ಆಗದವರು ಇದ್ದಾರೆ. ಕಾಕಾ ಅವರಲ್ಲಿ ಮೊದಲಿಗರು. ಅಂಥವರಿಗೆ ವಿನ್‌ಎಸ್‌ಸಿಪಿ ಅಥವಾ ಫೈಲ್‌ಜಿಲ್ಲಾ. ಎಡಗಡೆ ನಿಮ್ಮ ಕಂಪ್ಯೂಟರ್, ಬಲಗಡೆ ಸರ್ವರ್, ಎಳೆದು ಬಿಟ್ಟರೆ ಆಯಿತು. ಎರಡೂ ಪುಕ್ಕಟೆ.

ವಿಂಡೋಸ್ ಇದ್ದರೆ ನನ್ನ ಒಲವು ವಿನ್‌ಎಸ್‌ಸಿಪಿ ಕಡೆ. ದೊಡ್ಡ ಫೈಲನ್ನು ಅದು 'ಫೈಲ್‌ಪಾರ್ಟ್' ಅನ್ನುವ ತಾತ್ಕಾಲಿಕ ಹೆಸರಲ್ಲಿ ಕಳಿಸಿ, ಪೂರ್ತಿ ತಲುಪಿದ ಮೇಲೆ ನಿಜವಾದ ಹೆಸರು ಕೊಡುತ್ತದೆ. ಅರ್ಧಕ್ಕೆ ಕಡಿದರೂ ಅಲ್ಲಿಂದಲೇ ಮುಂದುವರಿಯುತ್ತದೆ. ಸರ್ವರ್‌ನಲ್ಲಿ ಅರ್ಧ ಫೋಟೊ ಪೂರ್ತಿಯ ವೇಷ ಹಾಕಿ ಕೂರುವುದಿಲ್ಲ. ಎರಡೂ ಕಡೆಯ ಫೋಲ್ಡರನ್ನು ಹೋಲಿಸಿ ಬೇಕಾದ್ದನ್ನು ಅಷ್ಟೇ ಕಳಿಸುವ ಸಿಂಕ್ರೊನೈಸ್ ಗುಂಡಿಯೂ ಇದೆ. ತಾರೀಕನ್ನು ತಾನಾಗಿಯೇ ಉಳಿಸುತ್ತದೆ.

ಫೈಲ್‌ಜಿಲ್ಲಾ ಮ್ಯಾಕ್, ಲಿನಕ್ಸ್‌ನಲ್ಲೂ ಓಡುತ್ತದೆ. ಒಟ್ಟಿಗೆ ಎಷ್ಟು ಫೈಲ್ ಕಳಿಸಬೇಕು ಅನ್ನುವುದನ್ನು ಸೆಟ್ಟಿಂಗ್ಸ್‌ನಲ್ಲಿ ಎರಡರಿಂದ ಹತ್ತರವರೆಗೆ ಏರಿಸಬಹುದು. ಚಿಕ್ಕ ಫೈಲ್‌ಗಳ ಕಾಟಾ ಸಾಲು ಇದರಿಂದ ಎಷ್ಟೋ ಕರಗುತ್ತದೆ. ಆದರೆ ತಾರೀಕು ಉಳಿಸಲು ಟ್ರಾನ್ಸ್‌ಫರ್ ಮೆನುವಿಗೆ ಹೋಗಿ ನೀವೇ ಟಿಕ್ ಹಾಕಬೇಕು. ಕೆಲಸ ಮುಗಿದ ಮೇಲೆ ಕೆಳಗಿನ 'ಫೇಲ್ಡ್' ಪಟ್ಟಿ ನೋಡುವುದನ್ನು ಮರೆಯಬೇಡಿ. ಸೋತ ಫೈಲ್‌ಗಳು ಅಲ್ಲಿ ಸುಮ್ನೆ ಕೂತಿರುತ್ತವೆ, ಕೂಗುವುದಿಲ್ಲ.

ಹತ್ತು ಇಪ್ಪತ್ತು ಜಿಬಿ, ಕೆಲವು ಸಾವಿರ ಫೈಲ್ ಇದ್ದರೆ ಇಲ್ಲಿಗೇ ನಿಲ್ಲಿ. ಇನ್ನೂ ಮುಂದೆ ಓದಿ ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಆರ್‌ಸಿಂಕ್: ನನ್ನ ಓಟು ಇದಕ್ಕೆ

1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್, ಪಾಲ್ ಮೆಕೆರಸ್ ಇಬ್ಬರೂ ಸೇರಿ ಆರ್‌ಸಿಂಕ್ ಹೊರತಂದರು. ಅದರ ಹೆಸರಾದ ವಿದ್ಯೆ ಅಂದರೆ, ಫೈಲ್ ಸ್ವಲ್ಪ ಬದಲಾಗಿದ್ದರೆ ಬದಲಾದ ತುಂಡನ್ನು ಅಷ್ಟೇ ಕಳಿಸುವುದು. ಆ ಕಡೆಯ ಕಂಪ್ಯೂಟರ್ ತನ್ನ ಹತ್ತಿರ ಇರುವ ಫೈಲನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿನ ಗುರುತು ಕಳಿಸುತ್ತದೆ. ಈ ಕಡೆಯದು ಹೊಂದಿಸಿ ನೋಡಿ, ಇಲ್ಲದ ತುಂಡನ್ನು ಅಷ್ಟೇ ಕೊಡುತ್ತದೆ. ಬಹಳ ಜಾಣ ಕೆಲಸ. ಆದರೆ ಫೋಟೊದವರಿಗೆ ಇದರಿಂದ ಹೆಚ್ಚಿನ ಲಾಭ ಇಲ್ಲ. ಮದುವೆ ಫೋಟೊ ಒಂದು ಸಲ ತೆಗೆದ ಮೇಲೆ ಬದಲಾಗುವುದು ಅಪರೂಪವಲ್ಲ. ಡೇಟಾಬೇಸ್ ಬ್ಯಾಕಪ್, ಮೇಲ್‌ಬಾಕ್ಸ್ ಇಂಥವಕ್ಕೆ ಅದು ನಿಜವಾದ ವರ.

ನಮಗೆ ಉಪಯೋಗಕ್ಕೆ ಬರುವುದು ಅದರ ಇನ್ನೊಂದು ಸಾದಾ ಗುಣ. ಮತ್ತೆ ಹಚ್ಚಿದರೆ, ಆ ಕಡೆ ಅದೇ ಹೆಸರಿನ ಫೈಲ್ ಇದೆಯೇ, ಅಳತೆ ಒಂದೇ ಇದೆಯೇ, ತಾರೀಕು ಒಂದೇ ಇದೆಯೇ ಅಂತ ನೋಡುತ್ತದೆ. ಮೂರೂ ಕೂಡಿದರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. 31 ಜಿಬಿ ಹೋಗಿ ನಿಂತಿದ್ದರೆ, ಪಟ್ಟಿ ಓದಿ ಕೆಲವೇ ನಿಮಿಷದಲ್ಲಿ ನಿಂತ ಜಾಗಕ್ಕೆ ಬರುತ್ತದೆ. ತಾರೀಕು ಉಳಿಸಿ ಅಂತ ಮೇಲೆ ಹೇಳಿದ್ದು ಇದಕ್ಕೇ. ಎಸ್‌ಸಿಪಿಯಲ್ಲಿ ತಾರೀಕು ಇಲ್ಲದೆ ಕಳಿಸಿ, ಆಮೇಲೆ ಆರ್‌ಸಿಂಕ್ ಹಚ್ಚಿದರೆ, ಅದು ಒಂದೊಂದು ಫೈಲನ್ನೂ ಎರಡೂ ಕಡೆ ಪೂರ್ತಿ ಓದಿ ಹೋಲಿಸಲು ಕೂರುತ್ತದೆ.

ಚಿಕ್ಕ ಫೈಲ್‌ಗಳಲ್ಲೂ ಇದು ಮುಂದು. ಒಂದರ ಉತ್ತರಕ್ಕೆ ಕಾಯದೆ ಇನ್ನೊಂದನ್ನು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ಕಾಟಾದ ಮುಂದೆ ಗಾಡಿ ನಿಲ್ಲುವುದಿಲ್ಲ.

ಕಮಾಂಡಿಗೆ ಸೇರಿಸುವ ಅಕ್ಷರಗಳು ಬಹಳ ಇವೆ, ನಿಮಗೆ ಬೇಕಾದ್ದು ನಾಲ್ಕೈದು. 'ಎ' ಹಾಕಿದರೆ ಒಳಗಿನ ಎಲ್ಲ ಫೋಲ್ಡರ್, ತಾರೀಕು, ಅನುಮತಿ (ಯಾರು ಓದಬಹುದು, ಬರೆಯಬಹುದು ಅನ್ನುವುದು) ಸಮೇತ ಹೋಗುತ್ತದೆ. ದೊಡ್ಡ 'ಪಿ' ಹಾಕಿದರೆ ಎಷ್ಟು ಹೋಯಿತು ಅಂತ ತೋರಿಸುತ್ತದೆ, ಮತ್ತು ಅರ್ಧ ಹೋದ ಫೈಲನ್ನು ಬಿಸಾಡದೆ ಇಟ್ಟುಕೊಳ್ಳುತ್ತದೆ. ಮದುವೆಯ 12 ಜಿಬಿ ವಿಡಿಯೊ ಒಂದೇ ಫೈಲ್ ಆಗಿದ್ದರೆ ಇದರ ಬೆಲೆ ಗೊತ್ತಾಗುತ್ತದೆ. 'ಝೆಡ್' ಅಂದರೆ ಒತ್ತಿ ಚಿಕ್ಕದು ಮಾಡಿ ಕಳಿಸು ಅಂತ. ಬರಹದ ಫೈಲ್, ಡೇಟಾಬೇಸ್ ಬ್ಯಾಕಪ್‌ಗೆ ಒಳ್ಳೆಯದು. ಜೆಪೆಗ್ ಮೊದಲೇ ಹಿಂಡಿದ ನಿಂಬೆಹಣ್ಣು, ಅದರಲ್ಲಿ ಇನ್ನು ರಸ ಇಲ್ಲ.

'ಬಿಡಬ್ಲ್ಯೂಲಿಮಿಟ್' ಅನ್ನುವುದು ನನ್ನ ಮಾನ ಉಳಿಸಿತು. ಹಗಲು ಹೊತ್ತು ಫುಲ್ ಸ್ಪೀಡಿನಲ್ಲಿ ಹಚ್ಚಿದ್ದೆ. ಕಾಕಾ ಒಳಗೆ ಬಂದರು. "ನಿಂದೇನೋ ನಡದೈತಿ, ನಂದು ವಾಟ್ಸ್ಯಾಪ್‌ನ್ಯಾಗ ಒಂದ್ ಫೋಟೊ ಹೋಗವಲ್ದು!" ಲಿಮಿಟ್ 1000 ಅಂತ ಕೊಟ್ಟೆ. ಸೆಕೆಂಡಿಗೆ ಸುಮಾರು ಒಂದು ಎಂಬಿಗೆ ಇಳಿಯಿತು. ಅಂಗಡಿಯ ಕೆಲಸವೂ ನಡೆಯಿತು, ನನ್ನದೂ ನಡೆಯಿತು.

ಇನ್ನು ಎರಡು ಕಡೆ ಕಾಲು ಜಾರುತ್ತದೆ. ಒಂದು, ಕೊನೆಯ ಸ್ಲ್ಯಾಷ್. ಕಳಿಸುವ ಫೋಲ್ಡರಿನ ಹೆಸರಿನ ಕೊನೆಗೆ ಸ್ಲ್ಯಾಷ್ ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ಸ್ಲ್ಯಾಷ್ ಇದ್ದರೆ ಒಳಗಿನ ಸಾಮಾನು ಮಾತ್ರ ಹೋಗುತ್ತದೆ. ಬೆಳಗಾವಿ ಕುಂದಾವನ್ನು ಡಬ್ಬಿ ಸಮೇತ ಕೊಡುವುದಕ್ಕೂ ತಾಟಿಗೆ ಸುರಿಯುವುದಕ್ಕೂ ಇರುವಷ್ಟೇ ವ್ಯತ್ಯಾಸ. ಒಂದು ಸಲ ಹೀಗೆ, ಒಂದು ಸಲ ಹಾಗೆ ಹಚ್ಚಿದರೆ ಸರ್ವರ್‌ನಲ್ಲಿ ಎರಡು ಪ್ರತಿ ಆಗಿ ಕೂರುತ್ತದೆ. ನನಗೆ ಆಗಿತ್ತು.

ಎರಡು, 'ಡಿಲೀಟ್'. ಇಲ್ಲಿ ಇಲ್ಲದ್ದನ್ನು ಅಲ್ಲೂ ಅಳಿಸು ಅನ್ನುವ ಆಜ್ಞೆ. ಹೊರಗಿನ ಹಾರ್ಡ್ ಡಿಸ್ಕ್ ಸರಿಯಾಗಿ ಕೂಡಿಲ್ಲ, ಅದರ ಜಾಗದಲ್ಲಿ ಖಾಲಿ ಫೋಲ್ಡರ್ ಇದೆ ಅಂದುಕೊಳ್ಳಿ. ಆರ್‌ಸಿಂಕ್ ಪ್ರಾಮಾಣಿಕವಾಗಿ ಸರ್ವರ್‌ನಲ್ಲಿದ್ದ ಎಲ್ಲವನ್ನೂ ಗುಡಿಸಿ ಹಾಕುತ್ತದೆ. ಬ್ಯಾಕಪ್ಪಿಗೆ ಅಂತ ಕಳಿಸುವವರು ಇದನ್ನು ಮುಟ್ಟಲೇಬೇಡಿ. ಮುಟ್ಟಲೇಬೇಕಾದರೆ ಮೊದಲು 'ಎನ್' ಅಕ್ಷರ ಸೇರಿಸಿ ಹಚ್ಚಿ. ಅದು ಏನನ್ನೂ ಮಾಡದೆ, ಏನು ಮಾಡಲಿದ್ದೇನೆ ಅಂತ ಹೇಳುತ್ತದೆ ಅಷ್ಟೇ.

ವಿಂಡೋಸ್‌ನಲ್ಲಿ ಆರ್‌ಸಿಂಕ್ ಮೊದಲೇ ಇರುವುದಿಲ್ಲ. ಡಬ್ಲ್ಯೂಎಸ್‌ಎಲ್ ಹಾಕಿದರೆ ವಿಂಡೋಸ್ ಒಳಗೇ ಒಂದು ಉಬುಂಟು ಲಿನಕ್ಸ್ ಸಿಗುತ್ತದೆ, ಅಲ್ಲಿಂದ ಓಡಿಸಬಹುದು. ನಾನು ಮಾಡಿದ್ದೂ ಅದನ್ನೇ. ಅರ್ಧ ತಾಸಿನ ಕೆಲಸ. ಆ ಅರ್ಧ ತಾಸು ಬೇಸರ ಅಂತ ಜನ ಎಸ್‌ಸಿಪಿಗೆ ಹೋಗಿ ಎರಡು ರಾತ್ರಿ ಕಳೆದುಕೊಳ್ಳುತ್ತಾರೆ. ನಾನು ಒಂದು ರಾತ್ರಿಗೇ ಬುದ್ಧಿ ಕಲಿತೆ.

ಟಾರ್: ಗೋಣಿಚೀಲ ಕಟ್ಟಿ ಕಳಿಸುವುದು

ಲಕ್ಷಗಟ್ಟಲೆ ಚಿಕ್ಕ ಫೈಲ್ ಇದ್ದರೆ ಎಲ್ಲವನ್ನೂ ಒಂದು ಟಾರ್ ಫೈಲಿಗೆ ತುಂಬಿ ಒಂದೇ ಗಂಟು ಮಾಡಿ ಕಳಿಸಬಹುದು. ಅತ್ತ ಬಿಚ್ಚಿದರೆ ಆಯಿತು. ಹೆಸರೇ ಟೇಪ್ ಆರ್ಕೈವ್, ಟೇಪಿನ ಕಾಲದ್ದು, ಇವತ್ತಿಗೂ ಗಟ್ಟಿ. ಗಂಟು ಕಟ್ಟಲು ಇಲ್ಲೂ ಜಾಗ ಬೇಕು, ಬಿಚ್ಚಲು ಅಲ್ಲೂ ಗಂಟಿನ ಜೊತೆಗೆ ಇನ್ನೊಂದು ಪಾಲು ಜಾಗ ಬೇಕು. ಇಲ್ಲಿ ಕಟ್ಟುತ್ತಾ ಹೋದಂತೆ ಎಸ್‌ಎಸ್‌ಎಚ್ ಪೈಪಿನಲ್ಲಿ ಹರಿಸಿ ಅಲ್ಲಿ ಬಿಚ್ಚುತ್ತಾ ಹೋಗುವ ವಿಧಾನವೂ ಇದೆ. ಆಗ ಜಾಗದ ತೊಂದರೆ ಇಲ್ಲ, ಆದರೆ ಪೈಪ್ ಕಡಿದರೆ ಮೊದಲಿನಿಂದ ಶುರು. ಹಾಗಾಗಿ ವರ್ಷಕ್ಕೊಂದು ಗಂಟು, ಎರಡು ಮೂರು ಜಿಬಿ ಮೀರದ ಹಾಗೆ ಕಟ್ಟುವುದು ಒಳ್ಳೆಯದು.

ಕಟ್ಟುವ ಮೊದಲು ಇನ್ನೊಂದು ಯೋಚನೆ ಮಾಡಿ. ಆ ಚಿಕ್ಕ ಫೈಲ್‌ಗಳು ಹೋಗಲೇಬೇಕಾ? ಕಾಕಾ ಅವರ ಎರಡು ಲಕ್ಷ ಚಿತ್ರಗಳನ್ನು ಸರ್ವರ್ ತಾನೇ ಮತ್ತೆ ಮಾಡಿಕೊಳ್ಳಬಲ್ಲದು ಅಂತ ನನಗೆ ಹೊಳೆದದ್ದು ಎರಡನೇ ವಾರ. ಆರ್‌ಸಿಂಕ್‌ಗೆ 'ಎಕ್ಸ್‌ಕ್ಲೂಡ್' ಅಂತ ಆ ಫೋಲ್ಡರಿನ ಹೆಸರು ಕೊಟ್ಟೆ. ಎರಡು ಲಕ್ಷ ಫೈಲ್ ಒಂದೇ ಪದಕ್ಕೆ ಹೊರಗೆ ಹೋದವು.

ಮೊದಲೇ ಮೋಡದಲ್ಲಿ ಇದ್ದರೆ

ಫೈಲ್‌ಗಳು ಗೂಗಲ್ ಡ್ರೈವ್‌ನಲ್ಲಿ ಇವೆ, ಅಲ್ಲಿಂದ ಸರ್ವರ್‌ಗೆ ಬೇಕು. ಹೆಚ್ಚಿನವರು ಮೊದಲು ಮನೆಗೆ ಡೌನ್‌ಲೋಡ್ ಮಾಡಿ, ಆಮೇಲೆ ಅಪ್‌ಲೋಡ್ ಮಾಡುತ್ತಾರೆ. ವಿಜಯಪುರದಿಂದ ಜಮಖಂಡಿಗೆ ಹೋಗಬೇಕಾದವರು ಹುಬ್ಬಳ್ಳಿ ಸುತ್ತಿ ಬಂದ ಹಾಗೆ! ಸರ್ವರ್‌ನಲ್ಲೇ ಆರ್‌ಕ್ಲೋನ್ ಅನ್ನುವ, ಮೋಡದ ಖಾತೆಗಳ ಜೊತೆ ಮಾತಾಡುವ ಸಾಫ್ಟ್‌ವೇರ್ ಹಾಕಿ ಓಡಿಸಿ. ಡ್ರೈವ್‌ನಿಂದ ನೇರವಾಗಿ ಸರ್ವರ್‌ಗೆ ಹೋಗುತ್ತದೆ. ನಿಮ್ಮ ಮನೆಯ ಲೈನ್ ಮುಟ್ಟುವುದೇ ಇಲ್ಲ. ಓಡಿಸುವ ಮೊದಲು ಸರ್ವರ್‌ನಲ್ಲಿ ಟೀಮಕ್ಸ್ ತೆರೆದುಕೊಳ್ಳಿ, ನಿಮ್ಮ ಲ್ಯಾಪ್‌ಟಾಪ್ ಮುಚ್ಚಿದರೂ ಕೆಲಸ ನಡೆಯುತ್ತಿರುತ್ತದೆ. ಆರ್‌ಕ್ಲೋನ್‌ಗೆ 'ಕಾಪಿ' ಅನ್ನುವ ಪದ ಬಳಸಿ. 'ಸಿಂಕ್' ಅಂದರೆ ಆ ಕಡೆಯದನ್ನು ಅಳಿಸಿಯೂ ಬಿಡುತ್ತದೆ, ಆರ್‌ಸಿಂಕ್‌ನ ಡಿಲೀಟ್ ಥರ.

ಇನ್ನೊಂದು ಆಯ್ಕೆ ಆಬ್ಜೆಕ್ಟ್ ಸ್ಟೋರೇಜ್. ಸರ್ವರ್‌ನ ಡಿಸ್ಕಿಗೆ ಹೊರತಾಗಿ, ಕಂಪನಿಯ ಗೋದಾಮಿನಲ್ಲಿ ಫೈಲ್ ಇಡುವುದು, ಅಮೆಜಾನ್‌ನ ಎಸ್3 ಥರದ್ದು. ವಾಲ್ಯೂಮ್‌ಗಿಂತ ಸಾಮಾನ್ಯವಾಗಿ ಅಗ್ಗ, ಮೌಂಟ್ ಮಾಡುವ ಗೋಜಿಲ್ಲ, ತುಂಬಿಹೋಗುವ ಭಯ ಇಲ್ಲ. ಆದರೆ ಅಲ್ಲಿ ನಿಜವಾದ ಫೋಲ್ಡರ್ ಅನ್ನುವುದೇ ಇಲ್ಲ. ಫೋಲ್ಡರಿನ ಹೆಸರು ಫೈಲಿನ ಹೆಸರಿನ ಮುಂದೆ ಅಂಟಿಕೊಂಡಿರುತ್ತದೆ, ಅಷ್ಟೇ. ಹಾಗಾಗಿ ಹತ್ತು ಸಾವಿರ ಫೈಲ್ ಇರುವ ಫೋಲ್ಡರಿನ ಹೆಸರು ಬದಲಿಸಬೇಕೆಂದರೆ ಹತ್ತು ಸಾವಿರ ಕಾಪಿ, ಹತ್ತು ಸಾವಿರ ಡಿಲೀಟ್. ಸುಮ್ಮನೆ ಇಡುವುದಕ್ಕೆ ಅದು, ದಿನಾ ಆಡಿಸುವುದಕ್ಕೆ ವಾಲ್ಯೂಮ್. ಒಂದು ಲೆಕ್ಕ ನೆನಪಿರಲಿ: ಒಳಗೆ ಹಾಕುವುದಕ್ಕೆ ದೊಡ್ಡ ಕಂಪನಿಗಳು ದುಡ್ಡು ಕೇಳುವುದಿಲ್ಲ. ಹೊರಗೆ ತೆಗೆಯುವಾಗ ಮೀಟರ್ ಓಡುತ್ತದೆ.

ಇನ್ನು ಎರಡು ಟಿಬಿ ಇದೆ ಅಂದರೆ? ನಮ್ಮ 20 ಎಂಬಿಪಿಎಸ್ ಲೈನಿನಲ್ಲಿ ಒಂಬತ್ತು ದಿನ ದಾಟುತ್ತದೆ. ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ. ಬೆಂಗಳೂರಿನಲ್ಲಿ ಒಳ್ಳೆಯ ಅಪ್‌ಲೋಡ್ ಇರುವ ಗೆಳೆಯರ ಆಫೀಸಿನಿಂದ ಕಳಿಸಿ. ಇದು ತಮಾಷೆ ಅಲ್ಲ.

ಕನ್ನಡದ ಹೆಸರುಗಳ ಕಥೆ

ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಬಾರದ ತೊಂದರೆ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಸರ್ವರ್ ಓಡುವ ಲಿನಕ್ಸ್‌ನಲ್ಲಿ ಒಂದು ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಗುರುತಿಗೆ ಮೂರು ಬೈಟ್. 'ಸ್ತ್ರೀ' ನಮಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು ಗುರುತು, ಹದಿನೆಂಟು ಬೈಟ್. ಅಂದರೆ ಒಟ್ಟು 85 ಗುರುತಿಗೆ ಹೆಸರು ಮುಗಿಯಿತು. ವಿಂಡೋಸ್ ಗುರುತಿನ ಲೆಕ್ಕದಲ್ಲಿ ಎಣಿಸುವುದರಿಂದ ಅಲ್ಲಿ ಉದ್ದ ಹೆಸರೂ ನಡೆಯುತ್ತದೆ. ಮದುಮಗ, ಮದುಮಗಳು, ಇಬ್ಬರ ಊರು, ಕಲ್ಯಾಣ ಮಂಟಪ, ತಾರೀಕು ಎಲ್ಲ ಸೇರಿಸಿ ಕಾಕಾ ಇಟ್ಟ ಕೆಲವು ಹೆಸರುಗಳನ್ನು ಸರ್ವರ್ ಬೇಡ ಅಂದದ್ದು ಇದಕ್ಕೆ.

ಇನ್ನೊಂದು ಇದಕ್ಕಿಂತ ಕಪಟಿ. 'ಬಾಗಲಕೋಟೆ'ಯ 'ಕೋ'ದಲ್ಲಿರುವ ಸ್ವರವನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳು ಹೆಸರನ್ನು ತುಂಡು ಮಾಡಿ ಇಡುತ್ತಿದ್ದವು, ವಿಂಡೋಸ್ ಟೈಪ್ ಮಾಡಿದ ಹಾಗೇ ಇಡುತ್ತದೆ. ಎರಡು ಕಡೆಯಿಂದಲೂ ಒಂದೇ ಸರ್ವರ್‌ಗೆ ಕಳಿಸಿದರೆ 'ಹಳೇ ಬಾಗಲಕೋಟೆ' ಅನ್ನುವ ಎರಡು ಫೋಲ್ಡರ್ ಪಕ್ಕಪಕ್ಕ ಕೂತಿರುತ್ತವೆ. ಯಾವುದು ಯಾವುದು ಅಂತ ನೋಡಿ ಹೇಳಲು ಆಗುವುದಿಲ್ಲ. ಆರ್‌ಸಿಂಕ್‌ನಲ್ಲಿ ಇದಕ್ಕೆ 'ಐಕಾನ್ವ್' ಅನ್ನುವ ಮದ್ದಿದೆ. ಅದಕ್ಕಿಂತ ಸುಲಭ, ಫೋಲ್ಡರಿಗೆ 2004-05-12 ಅಂತ ತಾರೀಕು ಇಟ್ಟು, ಕನ್ನಡದ ವಿವರ ಒಳಗೆ ಒಂದು ಬರಹದ ಫೈಲಿನಲ್ಲಿ ಇಡುವುದು. ಕನ್ನಡದಲ್ಲೇ ಹೆಸರಿಡಬೇಕು ಅನ್ನುವ ಹಟ ನನಗೂ ಇದೆ. ಆದರೂ ಇದನ್ನು ಹೇಳುತ್ತಿದ್ದೇನೆ.

ತಲುಪಿತಾ?

ಕೊನೆಗೆ ಫೋಟೊಗಳು ಆರ್‌ಸಿಂಕ್‌ನಲ್ಲಿ, ಮೂರು ರಾತ್ರಿ, ಎರಡು ಸಲ ಕಡಿದು, ಹೋಗಿ ಮುಟ್ಟಿದವು. ಹಳೇ ಊರಿನ ಸ್ಕ್ಯಾನ್‌ಗಳನ್ನು ಆರ್‌ಕ್ಲೋನ್‌ನಲ್ಲಿ ಆಬ್ಜೆಕ್ಟ್ ಸ್ಟೋರೇಜ್‌ಗೂ ಒಂದು ಪ್ರತಿ ಕಳಿಸಿದೆ. ಸರ್ವರ್‌ನಲ್ಲಿ ಫೋಟೊ ತೆರೆಯದಿದ್ದರೆ ಗಾಬರಿ ಬೇಡ, ಅದು ಬಹಳ ಸಲ ಅನುಮತಿಯ ತೊಂದರೆ ಅಷ್ಟೇ. ಫೋಲ್ಡರಿಗೆ 755, ಫೈಲಿಗೆ 644 ಅನ್ನುವ ಅನುಮತಿ ಅಂಕಿ ಕೊಟ್ಟರೆ ವೆಬ್‌ಸೈಟ್ ಓದುತ್ತದೆ.

ಎಲ್ಲ ಸರಿಯಾಗಿ ಬಂದಿದೆಯಾ ಅಂತ ನೋಡಲು ಆರ್‌ಸಿಂಕ್‌ಗೆ 'ಸಿ', 'ಎನ್', 'ವಿ' ಮೂರೂ ಸೇರಿಸಿ ಮತ್ತೊಮ್ಮೆ ಹಚ್ಚಿ. ಎರಡೂ ಕಡೆಯ ಪ್ರತಿ ಫೈಲನ್ನು ಪೂರ್ತಿ ಓದಿ ಹೋಲಿಸುತ್ತದೆ. ಏನೂ ಕಳಿಸುವುದಿಲ್ಲ, ಬೇರೆ ಇದ್ದದ್ದರ ಹೆಸರು ಹೇಳುತ್ತದೆ. ನಿಧಾನ, ಆದರೆ ಲೈನ್ ಏನೂ ತಿನ್ನುವುದಿಲ್ಲ. ನಮ್ಮದರಲ್ಲಿ 11 ಹೆಸರು ಬಂದವು. ಎದೆ ಧಸಕ್ ಅಂತು. ನೋಡಿದರೆ ಎಲ್ಲ ಅವತ್ತು ಬೆಳಿಗ್ಗೆ ಕಾಕಾ ಫೋಟೊಶಾಪ್‌ನಲ್ಲಿ ತಿದ್ದಿದ್ದ ಫೋಟೊಗಳು. ಮತ್ತೊಮ್ಮೆ ಕಳಿಸಿ, ಮತ್ತೊಮ್ಮೆ ಹೋಲಿಸಿದೆ. ಪಟ್ಟಿ ಖಾಲಿ ಬಂತು.

ಕಾಕಾ ಪಕ್ಕದಲ್ಲೇ ನಿಂತಿದ್ದರು. "ಹಂಗಾದ್ರ ಈ ಹಾರ್ಡ್ ಡಿಸ್ಕ್ ಖಾಲಿ ಮಾಡ್ಲೇನು? ನಾಡದು ಮದುವಿ ಐತಿ, ಜಾಗಾ ಬೇಕು."

"ಬ್ಯಾಡ ಕಾಕಾ. ಹೊಸಾದು ತಗೊಳ್ರಿ."

ಗೊಣಗಿದರು. ಡಿಸ್ಕ್ ಈಗ ತಿಜೋರಿಯಲ್ಲಿ ಕಾಕಿಯ ಇಳಕಲ್ ಸೀರೆಗಳ ನಡುವೆ ಇದೆ.